ಅರಿಶಿನ ಮುಟ್ಟದ ಲಕೋಟೆ

ಅಪ್ಪಾ,

ಗೆಜ್ಜಲಗೆರೆಗೆ ಬೆಳಗಿನ ಪಾಳಿಗೆ ಹೊರಟೆ. ಹನ್ನೊಂದಕ್ಕೆ ಕೊರಿಯರ್‌ನವರು ಬರುತ್ತಾರೆ. ಅಂಕಪಟ್ಟಿಯ ಲಕೋಟೆ ಬೀರುವಿನಲ್ಲಿ, ನಿನ್ನ ಪಂಚೆಗಳ ಕೆಳಗಿದೆ. ಪಕ್ಕದ ದೊಡ್ಡ ಕವರಿಗೆ ಹಾಕಿ ಕೊಡು. ಅಲ್ಲಿಯವರೆಗೆ ಅವ್ವನ ಕಣ್ಣಿಗೆ ಬೀಳಬಾರದು.

ಹೋದ ಸಲ ಏನಾಯಿತು ನೆನಪಿದೆಯಲ್ಲ? "ಸುಭದ ಕಾಗ್ದ ಕಣಮ್ಮ, ಅರಿಸ್ನ ಅಚ್ದೆ ಕಳ್ಸದಾ?" ಅಂತ ಲಕೋಟೆಗೆ ಕಾಲೇಜಿನವರು ಒತ್ತಿದ್ದ ಮೊಹರಿನ ಮೇಲೆಲ್ಲ ಬಳಿದಳು. ಮೊಹರು ಕೆಟ್ಟರೆ ಐರ್ಲೆಂಡಿನ ಫಾರ್ಮಸಿ ಕಾಲೇಜಿನವರು ಒಪ್ಪುವುದಿಲ್ಲ. ಭಾರತೀನಗರದ ನನ್ನ ಹಳೇ ಕಾಲೇಜಿಗೆ ನಾಲ್ಕು ಸಲ ಅಲೆದು ಇದನ್ನು ಮಾಡಿಸಿದ್ದೇನೆ. ಇನ್ನೊಂದು ಮಾಡಿಸಲು ದಿನವಿಲ್ಲ.

ದೇವರ ಮುಂದೆ ಅಂಥದ್ದೇ ಲಕೋಟೆ ಇಟ್ಟಿದ್ದೇನೆ. ಒಳಗಿರುವುದು ಹಳೇ ಕರೆಂಟು ಬಿಲ್ಲು. ಅವ್ವ ಎಷ್ಟು ಬೇಕಾದರೂ ಬಳಿಯಲಿ. ನೀನು ಮಾತ್ರ ನಗಬೇಡ. ನಿನ್ನ ಮೀಸೆ ಅಲುಗಿದರೆ ಸಾಕು, ಅವಳಿಗೆ ಎಲ್ಲ ಗೊತ್ತಾಗುತ್ತದೆ.

ವಿಳಾಸವನ್ನು ಆರು ಸಲ ನೋಡಿದ್ದೇನೆ. ನೀನೂ ಒಂದು ಸಲ ಅಕ್ಷರ ಅಕ್ಷರ ತಾಳೆ ನೋಡು. ಸಂಜೆ ಕ್ಲಾಸಿನಲ್ಲಿ ಕಲಿತ ಇಂಗ್ಲಿಷು, ನನಗೇ ನಂಬಿಕೆಯಿಲ್ಲ.

ದೊಡ್ಡ ಕವರಿನ ಒಳಮೂಲೆಯಲ್ಲಿ ಚೂರು ಅರಿಶಿನ ಕಂಡರೆ ಒರೆಸಬೇಡ. ಮೊಹರಿಗೆ ತಾಗುವುದಿಲ್ಲ, ಅಳತೆ ನೋಡಿಯೇ ಹಚ್ಚಿದ್ದೇನೆ. ಅವ್ವನಿಗೆ ಹೇಳಬೇಡ.

ಗಗನ