ಸೊಪ್ಪು ಮುಚ್ಚಿದ್ದ ಅಣಬೆ

ಅಕ್ಟೋಬರ್ 14, ತಿಗನಾರೆ

ಕಾಡಣಬೆಯಲ್ಲಿ ಪ್ರೋಟೀನ್ ಎಷ್ಟಿದೆ ಎಂಬ ಕಾಲೇಜು ಪ್ರಾಜೆಕ್ಟ್‌ಗಾಗಿ ಬೆಳಿಗ್ಗೆ ಹುತ್ತದ ಅಣಬೆಗಳನ್ನು ಕಿತ್ತು, ಸೀಳಿ ಒಣಗಲು ಹಾಕಿದೆ. ಕೀಳುವ ಮೊದಲು ಅವುಗಳ ಮೇಲೆ ಲಂಟಾನ ಸೊಪ್ಪು ಮುಚ್ಚಿತ್ತು. ಮೊದಲು ಕಂಡವರು ಸೊಪ್ಪು ಮುಚ್ಚಿದರೆ ಅಣಬೆ ಅವರದು ಎಂಬುದು ನಮ್ಮೂರ ಪದ್ಧತಿ; ಹಾಸ್ಟೆಲ್‌ನಲ್ಲಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ.

ಮುಚ್ಚಿದ್ದವರು ನಿಂಗರಾಜು ಚಿಕ್ಕಪ್ಪ. "ಮೈಲಿ ರಕ್ತ ಇಲ್ದ ನನ್ ಕೂಸ್ಗೆ ಅಂತ ಮಡಗಿದ್ದೆ ಕಣ್ಲಾ, ಕದ್ಬುಟ್ಯಾ?" ಎಂದು ದೊಣ್ಣೆ ಬೀಸಿದರು. ಅಡ್ಡ ಬಂದ ಅಪ್ಪನ ತಲೆ ಒಡೆಯಿತು. ಬಿಸಿ ರಕ್ತ ನನ್ನ ಬಾಯಿಗೇ ಸಿಡಿಯಿತು. ಅಮ್ಮ ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದಾಳೆ.

ಅಣ್ಣ ನಾಗೇಶ ಜಗಲಿಯಲ್ಲಿ ಮಚ್ಚು ಮಸೆಯುತ್ತಿದ್ದಾನೆ. "ತಪ್ಪು ನಂದು ಕಣಣ್ಣ, ಪ್ಲೀಸ್," ಎಂದೆ.

"ನೀನು ಪ್ರೋಟೀನ್ ಲೆಕ್ಕ ಆಕೊ ಓಗ್ಲಾ," ಎಂದ.

ಮಸೆಯುವ ಸದ್ದು ನಿಂತಿತು. ಚಪ್ಪಲಿ ಮೆಟ್ಟುತ್ತಿದ್ದಾನೆ. ಹೋಗಿ ಅವನ ಕಾಲು ಹಿಡಿದುಕೊಳ್ಳಬೇಕು, ಈಗಲೇ