ರಸ್ತೆ ಬದಿಯ ಸಾಲುಗಳು

೨೦-೭-೮೩, ಮಾನ್ವಿ

ರಂಜಾನ್ ಹಬ್ಬ ಮುಗಿದು ವಾರ. ಮತ್ತೆ ಅದೇ ಕೆಲಸ. ಸತ್ತ ಬದನೆ ಗಿಡ ಕೀಳುವುದು, ಬದುವಿನ ಮೇಲೆ ಒಟ್ಟುವುದು, ಸುಡುವುದು. ಒಂದೊಂದರ ಬೇರೂ ಹಸಿ ಶುಂಠಿಯ ಹಾಗೆ ಗಂಟುಗಂಟು. ಎಷ್ಟು ನೀರು ಹಾಯಿಸಿದರೂ ಗಿಡ ಬಾಡಿಯೇ ನಿಲ್ಲುತ್ತಿತ್ತು. ಈಗ ತಿಳಿಯಿತು — ಕುಡಿಯಲು ಅದಕ್ಕೆ ಬಾಯೇ ಉಳಿದಿರಲಿಲ್ಲ.

ಹೊಲದ ಧಣಿ ವಿರೂಪಣ್ಣ ಬಂದಿದ್ದರು. ಅವರ ಅಕ್ಕಿ ಗಿರಣಿಗೆ ಇದೇ ದಾರಿ. ಜೀಪಿನಿಂದ ಇಳಿಯದೆ ಮಾತಾಡಿದರು.

"ಸೈಫೂ, ಇದೊಂದು ಬೆಳಿ ನೋಡ್ತೀನಿ. ಇದೂ ಹಿಂಗ ಆತಂದ್ರ ಹತ್ತಿ ಮಾಡೋರಿಗೆ ಪಾಲಿಗೆ ಕೊಡಾಂವ. ಸಿಟ್ಟಾಗಬ್ಯಾಡ ಮತ್ತ."

"ಸಿಟ್ಯಾಕ್ರಿ ಧಣಿ. ಹೊಲ ನಿಮ್ದು."

"ಹರಳಿನ ಔಷಧ ತಂದೀನಿ. ನಿಮ್ಮವ್ವಗ ಹೇಳು, ಈ ಸಲ ಸರಿಯಾಗಿ ಹಾಕ್ರಿ."

ಚೀಲ ಇಳಿಸಿ ಹೋದರು. ನೇರಳೆ ಬಣ್ಣದ ಹರಳು. ಅಮ್ಮಿ ಕೈಯಿಂದ ಮುಟ್ಟಲೂ ಇಲ್ಲ. ಹೋದ ವರ್ಷ ಅದನ್ನು ಹಾಕಿದ ಮಡಿಯ ಕಳೆ ಮೇಯ್ದು ನಮ್ಮ ಆಡು ನೊರೆ ಕಾರಿ ಬಿದ್ದಿತ್ತು. ಹೊಟ್ಟೆಯಲ್ಲಿ ಮರಿ ಇತ್ತು. "ಆ ಮಣ್ಣಾಗ ಬೆಳದದ್ದು ಮಂದಿಗೆ ಹ್ಯಾಂಗ ತಿನಸ್ಲಿ?" ಅಂದಳು. ಅಂದದ್ದು ದಖನಿಯಲ್ಲಿ. ನನಗೆ ಬರೆಯಲು ಬರುವುದು ಕನ್ನಡ ಒಂದೇ, ಹಾಗಾಗಿ ಅಮ್ಮಿಯೂ ಇಲ್ಲಿ ಕನ್ನಡ ಮಾತಾಡುತ್ತಾಳೆ.

ಚೀಲ ಪಂಪಿನ ಕೋಣೆಯ ಮೂಲೆಯಲ್ಲಿದೆ.

೨೩-೭

ರಾಯಚೂರಿಗೆ ಹೋಗಿ ಬಂದೆ. ಗಂಟು ಬೇರುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಕೃಷಿ ಕಚೇರಿಗೆ. ಅಬ್ದುಲ್ ವಹೀದ್ ಅನ್ನುವವರು ಸಿಕ್ಕರು. ಹೊಸದಾಗಿ ನೌಕರಿಗೆ ಸೇರಿದವರು. ಬೇರು ಕೊಯ್ದು ತೋರಿಸಿದರು.

"ಇದು ಹುಳ. ಕಣ್ಣಿಗೆ ಕಾಣಂಗಿಲ್ಲ. ಬೇರಿನೊಳಗ ಹೊಕ್ಕು ಮನಿ ಕಟ್ಟತದ."

ನೆಡುವ ಮೊದಲೇ ಮಣ್ಣಿಗೆ ಬೇವಿನ ಹಿಂಡಿ ಬೆರೆಸಬೇಕು. ಬದನೆಯ ನಡುವೆ ಚೆಂಡು ಹೂವಿನ ಸಾಲು. ಆ ಬೇರು ಈ ಹುಳಕ್ಕೆ ಆಗುವುದಿಲ್ಲವಂತೆ. ಹೂ ಬಿಡಿಸಬಹುದು, ಬದನೆ ಮುಗಿಯುವವರೆಗೆ ಗಿಡ ಕೀಳಬಾರದು. ಮೂಲೆಯ ಒಂದು ಮಡಿಗೆ ಏನೂ ಹಾಕದೆ ಬಿಡಬೇಕು, ಹೋಲಿಸಿ ನೋಡಲು.

"ಹುಳ ಪೂರಾ ಹೋಗ್ತದೇನ್ರಿ?"

"ಪೂರಾ ಅಂದ್ರ ಸುಳ್ಳಾಗ್ತದ. ಕಡಿಮಿ ಆಗ್ತದ."

ಆ ಮಾತಿಗೇ ನಂಬಿಕೆ ಬಂತು.

ಎಣ್ಣೆ ಗಾಣದಲ್ಲಿ ಹಿಂಡಿ ಕೊಂಡೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲ ಹೊತ್ತುಕೊಂಡೇ ಸ್ಟೇಷನ್ನಿಗೆ ಹೋಗಿ ನಿಂತೆ, ಸುಮ್ಮನೆ. ಬೊಂಬಾಯಿ ಕಡೆಯ ಗಾಡಿ ಬಂತು, ಹೋಯಿತು. ಹೆಗಲ ಮೇಲೆ ಹಿಂಡಿ ಇಲ್ಲದಿದ್ದರೆ ಹತ್ತುತ್ತಿದ್ದೆನೇನೋ... ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡ. "ಏನಪಾ, ಚೀಲದಾಗ ನಿಮ್ಮ ಮಾವನ್ನ ಕಟ್ಟೀಯೇನು? ಮ್ಯಾಲ ಹಾಕು, ಮ್ಯಾಲ."

೧೪-೮

ನೆಟ್ಟಾಯಿತು. ಎರಡು ಸಾಲು ಬದನೆ, ಒಂದು ಸಾಲು ಚೆಂಡು ಹೂ. ಸೈಕಲ್ ಅಂಗಡಿಯ ಜಿಲಾನಿ ಪಾಷಾ ರಸ್ತೆಯಿಂದಲೇ ಕೂಗಿದ — "ಬದನಿಕಾಯಿಗೆ ಮದುವಿ ಏನಲೇ? ಮಂಟಪ ಹಾಕಾಕತ್ತೀಯಲ್ಲ?"

ರಸ್ತೆ ಬದಿಯ ಸಾಲುಗಳನ್ನು ಅಮ್ಮಿ ತಾನೊಬ್ಬಳೇ ನೆಟ್ಟಳು. ನನ್ನನ್ನು ಹತ್ತಿರ ಬಿಡಲಿಲ್ಲ. "ನಿನ್ನ ಕೈ ಓಡ್ತದ. ಗಿಡ ಸೊಟ್ಟ ಆಗ್ತಾವ. ಧಣಿ ನೋಡೋ ಕಡಿ ನೆಟ್ಟಗ ಇರ್ಲಿ."

ನಿಜವೇ. ಕೈ ಓಡುತ್ತದೆ. ಕಾಲೂ.

೧೧-೯

ಕರೆಂಟ್ ಇಲ್ಲ. ಪಂಪಿನ ಮುಂದೆ ಕುಳಿತು ಕುಳಿತು ತಲೆ ಕೆಟ್ಟಿತು. ಕಳೆ ತೆಗೆದೆ. ಮತ್ತೆ ಕುಳಿತೆ. ರಸ್ತೆಯಲ್ಲಿ ಹೋಗುವ ಲಾರಿಗಳ ನಂಬರ್ ಓದುತ್ತಿದ್ದೇನೆ...

ಅಯ್ಯಮ್ಮ ಟೀಚರ್ ಹೋಗುತ್ತಿದ್ದವರು ಕೊಡೆ ಓರೆ ಮಾಡಿ ನಿಂತರು. ಪರೀಕ್ಷೆಗೆ ಹೊರಗಿನಿಂದ ಕಟ್ಟೋ ಅಂದರು. ಹತ್ತನೇ ಕ್ಲಾಸಿನಲ್ಲಿ ಎಲ್ಲರೂ ಕಾಪಿ ಹೊಡೆದೆವು. ನಾನೂ ಹೊಡೆದೆ, ಹೊಡೆದದ್ದನ್ನು ಹೇಳಿದೆ. ಮಾಸ್ತರು ಬಾಯಿ ಮುಚ್ಚು ಅಂದರು. ಮುಚ್ಚಲು ಬರಲಿಲ್ಲ, ಪರೀಕ್ಷೆಯಿಂದ ಎದ್ದು ಬಂದೆ. ಟೀಚರ್‌ಗೆ ಅದೆಲ್ಲ ಗೊತ್ತು. ನೋಡ್ತೀನ್ರಿ ಅಂದೆ. ನೋಡುವುದಿಲ್ಲ.

೧೯-೧೦

ಮೊಹರಂ ಮುಗಿಯಿತು. ಅಲಾಯಿ ದೇವರಿಗೆ ನಮ್ಮದೇ ಹೂ.

ವಹೀದ್ ಸಾಹೇಬರು ಬಂದರು. ದೀಪಾವಳಿ ಆದ ಮೇಲೆ ದೇವದುರ್ಗ, ಗಬ್ಬೂರು ಕಡೆಯ ರೈತರನ್ನು ಕರೆತಂದು ಈ ಹೊಲ ತೋರಿಸುತ್ತಾರಂತೆ. ಅಷ್ಟರಲ್ಲಿ ವಿರೂಪಣ್ಣನ ಜೀಪು. ರಸ್ತೆ ಬದಿಯ ಗಿಡಗಳನ್ನು ನೋಡಿ ತಲೆ ಹೊರಗೆ ಹಾಕಿದರು. ಹರಳು ಹಾಕಿಲ್ಲ, ಬರೀ ಹಿಂಡಿ ಮತ್ತು ಹೂ ಅಂತ ಸಾಹೇಬರು ಹೇಳಿದರು.

"ಭಾರಿ ಅದಾವಲ್ಲೋ. ವಿಷ ಹಾಕದ ಹಿಂಗ ಬೆಳದದ್ದು ಖರೇ ಇದ್ರ, ಮೂರು ವರ್ಷ ನಿಮಗೇ ಬರದು ಕೊಡ್ತೀನಿ. ಇವರ ಮುಂದ ಹೇಳೀನಿ, ತಗೋ."

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾವಿ ಸುತ್ತ ನಡೆದೆ. ಅಮ್ಮಿ ಮಾತ್ರ ನಗಲಿಲ್ಲ.

ರಸ್ತೆ ಬದಿಯ ಕಾಯಿಗಳನ್ನು ಅವಳು ಬಿಡಿಸುವುದೇ ಇಲ್ಲ. ಗಿಡದಲ್ಲೇ ಹಳದಿ ಆಗಿವೆ. ಕೇಳಿದರೆ "ಬೀಜಕ್ಕ ಬಿಟ್ಟೀನಿ" ಅನ್ನುತ್ತಾಳೆ. ಅಷ್ಟು ಬೀಜ? ಇಡೀ ಮಾನ್ವಿಗೆ ಹಂಚುತ್ತಾಳೆಯೇ?

೩-೧೧, ಬೆಳಿಗ್ಗೆ

ನಾಳೆ ಲಕ್ಷ್ಮೀಪೂಜೆ. ವಿರೂಪಣ್ಣನ ಗಿರಣಿಯ ಗಡಿಗೆಪ್ಪ ಆಳುಗಳ ಜೊತೆ ಬಂಡಿ ತಂದು ನಿಲ್ಲಿಸಿದ್ದಾನೆ. ಚೆಂಡು ಹೂವಿನ ಗಿಡ ಬೇಕು, ಬೇರು ಸಹಿತ.

"ಹೂ ಎಷ್ಟ್ ಬೇಕಾದ್ರೂ ಒಯ್ಯಿ. ಗಿಡ ಕೀಳಂಗಿಲ್ಲ," ಅಂದೆ.

"ಗಿರಣಿ ಬಾಗಲಾ, ಲಾರಿ, ಮನಿ — ಎಲ್ಲಾಕೂ ಇಡೀ ಗಿಡ ಕಟ್ಟಬೇಕಲೇ. ವರ್ಷಾ ಸಂತ್ಯಾಗ ತರತಿದ್ವಿ. ಈ ವರ್ಷ ಧಣಿ ಹೊಲದಾಗೇ ಅದಾವ."

"ಕುಡಗೋಲಿಲೆ ಕೊಯ್ದು ಕೊಡ್ತೀನಿ."

"ಕೊಯ್ದದ್ದು ಪಾಡ್ಯಕ್ಕ ಜೋತು ಬೀಳ್ತದ. ನೀ ಏನ್ ಹೇಳ್ತಿ, ಧಣಿ ಬಾಗಲಾಗ ನಿನ್ನ ಜೋತಾಡಸ್ಲೇನು?"

ಸಾಹೇಬರು ಹೇಳಿದ್ದು, ಹುಳ, ಬೇರು, ಎಲ್ಲ ಹೇಳಿದೆ. ತಲೆ ಆಡಿಸುತ್ತ ಕೇಳಿದ. ಕೇಳಿ ಪಂಚೆ ಮೇಲೆ ಕಟ್ಟಿಕೊಂಡ. ಅಮ್ಮಿ ನಡುವೆ ಬಂದಳು. "ಹಬ್ಬದ ದಿನ ಇಲ್ಲ ಅನಬಾರದು. ನಡುವಿನವು ಮುಟ್ಟಬ್ಯಾಡಪಾ. ರಸ್ತಿ ಕಡೀವು ಒಯ್ಯಿ."

ಕಿತ್ತರು.

ಮಧ್ಯಾಹ್ನ

ಬದುವಿನ ಅಂಚಿಗೆ ನೀರು ಹರಿಯುವುದಿಲ್ಲ. ಅಲ್ಲಿ ಕಿತ್ತ ಗಿಡದ ಬುಡದಲ್ಲಿ ಒಣ ಹೆಂಟೆ ಎದ್ದು ಬಂತು. ಗಡಿಗೆಪ್ಪ ಅದನ್ನು ಕೈಯಲ್ಲಿ ಪುಡಿ ಮಾಡಿದ. "ಇದೇನಲೇ ಬಣ್ಣ? ಹೊಲದಾಗ ರಂಗೋಲಿ ಹಾಕೀರೇನು?"

ನೇರಳೆ ಹರಳು. ಬಣ್ಣ ಅರ್ಧ ತೊಳೆದುಹೋಗಿತ್ತು, ಅರ್ಧ ಉಳಿದಿತ್ತು.

ಅವನು ಅಲ್ಲಿಗೇ ಮರೆತು ಬಂಡಿ ಹೊಡೆದುಕೊಂಡು ಹೋದ. ನಾನು ಪಂಪಿನ ಕೋಣೆಗೆ ಹೋದೆ. ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಅಮ್ಮಿಯ ಹಳೆಯ ಸೀರೆಯ ಅಂಚಿನಿಂದ. ಅರ್ಧ ಖಾಲಿ.

೬-೧೧

ಮೂರು ದಿನ ಅಮ್ಮಿಯ ಜೊತೆ ಮಾತಿಲ್ಲ. ಇವತ್ತು ಅವಳೇ ಶುರು ಮಾಡಿದಳು. ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ.

"ನೆಡೋವಾಗ ಒಂದ್ಸಲ ಹಾಕೀನಿ. ಮೊಹರಂ ಆದಮ್ಯಾಲ ಒಂದ್ಸಲ. ಧಣಿ ಕಣ್ಣಿಗೆ ಬೀಳೋ ಎರಡ ಸಾಲು, ಅಷ್ಟ. ಅದರ ಕಾಯಿ ಒಂದೂ ಮಂದಿಗೆ ಕೊಟ್ಟಿಲ್ಲ. ಉಳದ ಹೊಲ ಪೂರಾ ನಿಂದೇ ಬೇಟಾ."

"ಆಡು ಸತ್ತಾಗ ನೀನ ಅಂದಿದ್ದಿ..."

"ಅಂದಿದ್ದೆ." ರೊಟ್ಟಿ ತಿರುವಿದಳು. "ನಿನ್ನ ಹಿಂಡಿ ಹಿಡೀಲಿಲ್ಲಂದ್ರ? ನಿನಗ ಗಾಡಿ ಹತ್ತಿ ಹೋಗೋ ಆಸಿ. ನಾ ತಿಳದೀನಿ. ಈ ಬಾವಿ ಬಿಟ್ರ ನನಗ ಯಾವ ಗಾಡಿ ಅದ?"

ಊಟ ಮಾಡದೆ ಹೊರಗೆ ಬಂದೆ. ಕಾಲುವೆಯವರೆಗೆ ನಡೆದೆ, ವಾಪಸ್ ಬಂದೆ, ಮತ್ತೆ ನಡೆದೆ. ಸಿಟ್ಟು ಯಾರ ಮೇಲೆ ಅಂತಲೇ ತಿಳಿಯುತ್ತಿಲ್ಲ. ವಿರೂಪಣ್ಣ ಮಾತು ಕೊಟ್ಟದ್ದು ಆ ಎರಡು ಸಾಲು ನೋಡಿ. ಹೇಳಿದರೆ ಹೊಲ, ಬಾವಿ ಎರಡೂ ಹೋಗಬಹುದು. ಹೇಳದಿದ್ದರೆ... ಹೇಳದೆ ಇರಲು ನನಗೆ ಬರುವುದಿಲ್ಲ. ಅದೇನು ದೊಡ್ಡ ಗುಣವಲ್ಲ, ಬಿಕ್ಕಳಿಕೆಯ ಹಾಗೆ.

೯-೧೧

ವಹೀದ್ ಸಾಹೇಬರು ಬಂದರು. ಎಲ್ಲ ಹೇಳಿದೆ. ಬಾವಿಯ ಕಟ್ಟೆಯ ಮೇಲೆ ಕುಳಿತರು.

"ರಸ್ತಿ ಕಡಿ ಸಾಲಿಗೆ ಮಂದೀನ ಕರಕೊಂಡೇ ಹೋಗೂದು ಬ್ಯಾಡ. ನಡುವಿನದಷ್ಟ ತೋರಸೂಣು. ಯಾರು ಕೇಳ್ತಾರ?"

"ಕೇಳದಿದ್ರೂ ಅದು ಹಂಗ ಅದಲ್ರೀ."

"ಹೊಲ ಹೋದೀತು, ಸೈಫುದ್ದೀನ್."

"ಗೊತ್ತದರೀ. ಗಬ್ಬೂರವ್ರು ಆ ಗಿಡ ನೋಡಿ ಹೋಗಿ ಬರೇ ಹೂ ಹಚ್ಚಿದ್ರ? ಅವ್ರ ಹೊಲ ಹೋಗ್ತದ."

ಅವರು ಎದ್ದರು. ಕುರ್ಪಿ ಕೇಳಿದರು. ನಡುವಿನ ಸಾಲಿನಲ್ಲಿ ಕಾಯಿ ತುಂಬಿದ ಒಂದು ಗಿಡ ಎಬ್ಬಿಸಿದೆವು. ಬಕೀಟಿನ ನೀರಿನಲ್ಲಿ ತೊಳೆದೆ. ಗಂಟು ಇವೆ. ಸಾಸಿವೆಯಷ್ಟು, ಅಲ್ಲೊಂದು ಇಲ್ಲೊಂದು. ಏನೂ ಹಾಕದ ಮಡಿಯ ಗಿಡ ಎಬ್ಬಿಸಿದೆವು. ಶುಂಠಿ.

"ನಾ ಮೊದಲಿಗೇ ಹೇಳಿದ್ದು ಇದನ್ನ. ಕಡಿಮಿ ಅಂತ," ಅಂದರು. ಖುಷಿಯಲ್ಲಿ ಬೂಟು ಒದ್ದೆಯಾದದ್ದೂ ಅವರಿಗೆ ತಿಳಿಯಲಿಲ್ಲ.

ಆದರೆ ನಡುವಿನ ಗಿಡ ರಸ್ತೆ ಬದಿಯದಕ್ಕಿಂತ ಗೇಣು ಗಿಡ್ಡ. ಜೀಪಿನಲ್ಲಿ ಕುಳಿತವರಿಗೆ ಎತ್ತರ ಕಾಣುತ್ತದೆ, ಬೇರು ಕಾಣುವುದಿಲ್ಲ.

೧೨-೧೧, ಬೆಳಿಗ್ಗೆ

ಬಾವಿ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದ್ದು ಓಡಿಬಿಡುತ್ತೇನೆ. ಗಬ್ಬೂರಿನವರು ಬಸ್ ಇಳಿದಿದ್ದಾರೆ, ಚಹಾದ ಅಂಗಡಿಯಲ್ಲಿದ್ದಾರಂತೆ. ವಹೀದ್ ಸಾಹೇಬರು ಕರೆತರಲು ಹೋದರು.

ಒದ್ದೆ ಗೋಣಿಯ ಮೇಲೆ ಮೂರು ಬೇರು ಇಟ್ಟಿದ್ದೇನೆ. ಶುಂಠಿಯಂಥದ್ದು. ಸಾಸಿವೆ ಗಂಟಿನದು. ರಸ್ತೆ ಬದಿಯದು, ಬೆಳ್ಳಗೆ, ಒಂದೂ ಗಂಟಿಲ್ಲ.

ಅಮ್ಮಿಗೆ ಹೇಳಿದೆ. "ನಿನ್ನ ಹೆಸರು ತಗೊಳ್ಳಂಗಿಲ್ಲ. ಔಷಧ ನಾವು ಹಾಕೀವಿ ಅಂತೀನಿ."

"ನೀ ಹಾಕಿಲ್ಲಲ್ಲ?"

"ಇಲ್ಲ..."

"ಹಾಕಿದಾಕಿ ನಾ. ಮತ್ತ ನಾವು ಅಂದ್ರ ಸುಳ್ಳಾಗ್ತದ."

ಇದುವರೆಗೆ ಆ ಮಾತು ನನಗೆ ಯಾರೂ ಹೇಳಿರಲಿಲ್ಲ. ಕಿವಿ ಬಿಸಿಯಾದವು. ಅಮ್ಮಿ ಗೋಣಿಯ ಪಕ್ಕ ಕುಳಿತು ಬೇರಿಗೆ ನೀರು ಚಿಮುಕಿಸುತ್ತಿದ್ದಾಳೆ, ಸಂತೆಯಲ್ಲಿ ಸೊಪ್ಪಿಗೆ ಚಿಮುಕಿಸುವ ಹಾಗೆ.

ಜೀಪಿನ ಸದ್ದು. ರಸ್ತೆಯಲ್ಲೇ ನಿಂತಿತು. ವಿರೂಪಣ್ಣ ಈ ಸಲ ಇಳಿಯುತ್ತಿದ್ದಾರೆ. ಬದುವಿನ ಮೇಲೆ ನಿಂತು ಆ ಎತ್ತರದ ಗಿಡಗಳನ್ನೇ ನೋಡುತ್ತಿದ್ದಾರೆ, ನಗುತ್ತಿದ್ದಾರೆ. ಅಮ್ಮಿ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆ ಬಿಳಿ ಬೇರು ಕೈಗೆತ್ತಿಕೊಂಡು, ನಾನು ಏಳುವ ಮೊದಲೇ, ಅವರ ಕಡೆಗೆ—