ಹುಂಜನ ಟೊಪ್ಪಿ

ಲಾಸ್ ಏಂಜಲೀಸ್
ಏಪ್ರಿಲ್ 13, 1936

ಕಾರ್ಟೂನ್ ವಿಭಾಗದ ಮುಖ್ಯಸ್ಥರಾದ ಲಿಂಡ್‌ಕ್ವಿಸ್ಟ್ ಅವರಿಗೆ,

ನಿಮ್ಮ ಹೊಸ ಕಾರ್ಟೂನಿನಲ್ಲಿ ಹಳೆಯ ಮೂಕಿಚಿತ್ರಗಳ ಹಾಸ್ಯನಟರನ್ನೆಲ್ಲ ಕೋಳಿಗಳಾಗಿ ಚಿತ್ರಿಸಿದ್ದೀರಿ. ಅವರಲ್ಲಿ ಉದ್ದ ಮೂಗಿನ, ಸೊಟ್ಟ ನಡಿಗೆಯ ಹುಂಜ ನಾನೇ. ದಾವೆ ಹೂಡೋಣವೆಂದು ನನ್ನ ವಕೀಲರು ಹೇಳಿದ್ದರಿಂದ, ಅವಮಾನ ಎಷ್ಟಾಗಿದೆಯೆಂದು ನೋಡಲು ಶನಿವಾರ ಹೆಂಡತಿ ಅಡೆಲೀನಳ ಜೊತೆ ಮ್ಯಾಟಿನಿಗೆ ಹೋಗಿದ್ದೆ.

ಹುಂಜ ನಡೆದುಬಂದು ಕೇಕಿನ ಮೇಲೆ ಮುಗ್ಗರಿಸಿ ಬಿದ್ದಿತು. ಇಡೀ ಥಿಯೇಟರು ನಕ್ಕಿತು. ಮಾತಿನ ಚಿತ್ರಗಳು ಬಂದು ನನ್ನ ಕೀರಲು ದನಿ ಯಾರಿಗೂ ಬೇಡವಾದ ಮೇಲೆ, ಆ ನಡಿಗೆಗೆ ಜನ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಮುಂದಿನ ಸಾಲಿನ ಹೆಂಗಸು ಗಂಡನನ್ನು ಕೇಳಿದಳು: “ಅಯ್ಯೋ, ಇದು ಪಿಂಕಮ್ ಅಲ್ವಾ? ಇನ್ನೂ ಬದುಕಿದಾನಾ?”

ಅಡೆಲೀನ್ ಮುಂದಕ್ಕೆ ಬಾಗಿ ಹೇಳಿದಳು: “ಬದುಕಿದಾನಮ್ಮ. ಇಲ್ಲೇ ಕೂತು ನನ್ನ ಪಾಪ್‌ಕಾರ್ನ್ ಎಲ್ಲ ಖಾಲಿ ಮಾಡ್ತಿದಾನೆ.”

ಆ ಹೆಂಗಸು ತಿರುಗಿ ನನ್ನ ಮೂಗನ್ನು ನೋಡಿದಳು. ಎದ್ದು ನಿಂತು ಕೈಕುಲುಕಿದಳು.

ದಾವೆ ಬೇಡವೆಂದು ವಕೀಲರಿಗೆ ತಿಳಿಸಿದ್ದೇನೆ. ಆದರೆ ಒಂದು ತಪ್ಪನ್ನು ನೀವು ತಿದ್ದಲೇಬೇಕು. ನಿಮ್ಮ ಹುಂಜ ಬಿದ್ದ ಮೇಲೆ ಟೊಪ್ಪಿ ಹುಡುಕುತ್ತದೆ. ನಾನು ಎಂದೂ ಹಾಗೆ ಬಿದ್ದವನಲ್ಲ. ಮುಗ್ಗರಿಸುತ್ತಲೇ ಟೊಪ್ಪಿ ತೆಗೆದು, ಜೋಪಾನವಾಗಿ ಮೇಜಿನ ಮೇಲಿಟ್ಟು, ಆಮೇಲೆ ಬೀಳುತ್ತಿದ್ದೆ. ನಗು ಇರುವುದೇ ಅಲ್ಲಿ. ಇದನ್ನು ಕಾಗದದಲ್ಲಿ ವಿವರಿಸಲಾಗದು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದು ನಿಮ್ಮ ಚಿತ್ರಗಾರರ ಮುಂದೆ ಬಿದ್ದು ತೋರಿಸುತ್ತೇನೆ.

ಅಡೆಲೀನಳೂ ಬರುತ್ತಾಳೆ. ನನಗೀಗ ಅರವತ್ತೊಂದು, ಆದ್ದರಿಂದ ನೆಲಕ್ಕೆ ದಪ್ಪ ಹಾಸಿಗೆ ಹಾಕಿರಬೇಕೆಂದು ಆಕೆಯ ಷರತ್ತು. ದಯವಿಟ್ಟು ಆಕೆಗೆ ಕಾಣುವಂತೆ ಹಾಸಿಡಿ. ನಾನು ಅದರ ಪಕ್ಕಕ್ಕೆ ಬೀಳುತ್ತೇನೆ.

ವಿಶ್ವಾಸದಿಂದ,
ಹೋರೇಸ್ ಪಿಂಕಮ್
ಹಾಸ್ಯನಟ